ಕಿತ್ತಳೆ ಹಿಡಿಯುವ ಬಂದರು ಕಚೇರಿಗೆ, ಅಳಿವೆಯ ಬಾಯಿಂದ

ಮಾನ್ಯ ಬಂದರು ಅಧಿಕಾರಿಗಳೇ,

ಈ ಶರತ್ಕಾಲದಲ್ಲೂ ತಾವು ಬಂದರಿನ ನೀರಿಗೆ ಕಿತ್ತಳೆ ಹಣ್ಣು ಸುರಿದು, ಅದನ್ನೇ ಎಣ್ಣೆಯೆಂದು ಭಾವಿಸಿ, ತೇಲುವ ತಡೆಬೇಲಿ ಎಳೆದು ಹಿಡಿಯಲಿದ್ದೀರಿ ಎಂಬ ಪ್ರಕಟಣೆಯನ್ನು ಮೀನು ಮಾರುಕಟ್ಟೆಯ ಬಾಗಿಲಲ್ಲಿ ಓದಿದೆ. ದಯವಿಟ್ಟು ಬೇಡ. ಹೋದ ವರ್ಷ ಬಂದದ್ದು ಹಡಗಿನಿಂದ ಸೋರಿದ ನಿಜವಾದ ಎಣ್ಣೆ. ಅದು ನಮ್ಮ ಹಿನ್ನೀರಿಗೆ ನುಗ್ಗಿದ್ದು ತಮಗೆ ಅಭ್ಯಾಸ ಸಾಲದ್ದಕ್ಕಲ್ಲ. ಅಳಿವೆಯ ಬಾಯಿ ಮುಚ್ಚಲು ಸಜ್ಜಾಗಿ ನಿಂತಿದ್ದ ನಮ್ಮನ್ನು ತಾವು ತಡೆದದ್ದಕ್ಕೆ.

ತಮ್ಮ ಅಣಕು ಕಾರ್ಯಾಚರಣೆಯನ್ನು ನಾನು ಹಲವು ಬಾರಿ ನೋಡಿದ್ದೇನೆ. ಗಾಳಿಯಿಲ್ಲದ ದಿನವನ್ನೇ ಆರಿಸುತ್ತೀರಿ, ಗಾಳಿ ಎದ್ದರೆ ಕಾರ್ಯಕ್ರಮ ಮುಂದೂಡುತ್ತೀರಿ. ಟ್ಯಾಂಕರು ಹಡಗುಗಳಿಗೂ ಇಷ್ಟು ಸೌಜನ್ಯವಿದ್ದಿದ್ದರೆ! ಹಣ್ಣುಗಳು ಬಂದು ಬೇಲಿಗೆ ಒರಗಿ ಶಿಸ್ತಾಗಿ ನಿಲ್ಲುತ್ತವೆ. ಕಿತ್ತಳೆ ಬೇಲಿಯ ಅಡಿಗೆ ನುಸುಳುವುದಿಲ್ಲ, ಜೊಂಡಿಗೆ ಅಂಟುವುದಿಲ್ಲ, ನಾರುವುದಂತೂ ಇಲ್ಲವೇ ಇಲ್ಲ. ಆಮೇಲೆ ಫೋಟೊ, ಭಾಷಣ, ಹುರಿದ ಬೊಂಡಾಸ್ ಮೀನು, ಊಜೊ ಮದ್ಯ. ಇಷ್ಟು ವಿಧೇಯವಾದ ಎಣ್ಣೆ ಗ್ರೀಸ್ ದೇಶದ ಯಾವ ಕಡಲಲ್ಲಿ ಸಿಕ್ಕೀತು?

ಹೋದ ಅಕ್ಟೋಬರಿನಲ್ಲಿ ಟ್ಯಾಂಕರು ಭೂಶಿರದ ಬಂಡೆಗೆ ಉಜ್ಜಿ ಹೊಟ್ಟೆ ಹರಿದುಕೊಂಡಾಗ ತೆಂಕಣ ಗಾಳಿ ಬೀಸುತ್ತಿತ್ತು. ಆ ಗಾಳಿಗೆ ಕಡಲಲ್ಲಿ ತೇಲುವುದೆಲ್ಲ ನಮ್ಮ ಅಳಿವೆಗೇ ಬರುತ್ತದೆ. ಊರಿನ ಮಕ್ಕಳು ಕಳೆದುಹೋದ ಚೆಂಡನ್ನು ಹುಡುಕುವುದೂ ಅಲ್ಲೇ. ಮೊಟ್ಟೆ ತುಂಬಿಕೊಂಡ ಕೆಫಾಲೋಸ್ ಮೀನು ಹಿನ್ನೀರು ಬಿಟ್ಟು ಕಡಲಿಗೆ ಹೊರಡುವ ಕಾಲ ಅದು. ಆ ಮೊಟ್ಟೆಗೆ ಉಪ್ಪು ಹಾಕಿ, ಒಣಗಿಸಿ, ಜೇನುಮೇಣ ಸವರಿ ಮಾರಿಯೇ ನಮ್ಮ ಮೀನುಗಾರರ ಸಂಘದ ಐವತ್ತು ಮನೆಗಳು ವರ್ಷ ನೂಕುವುದು. ನನ್ನ ಗಂಡ ಲಾಂಬ್ರೋಸ್, ನಾದಿನಿ ಆಸಿಮಿನಾ, ನಾನು, ಸಂಘದ ಉಳಿದವರು ಮರಳಿನ ಚೀಲ, ಜೊಂಡಿನ ತಟ್ಟಿ ಹೊತ್ತು ಅಳಿವೆಗೆ ಹೋದೆವು. ಬಾಯಿ ಅಗಲವೇನಲ್ಲ, ಈ ದಡದಲ್ಲಿ ನಿಂತು ಬೈದರೆ ಆ ದಡದವರು ತಿರುಗಿ ಬೈಯುತ್ತಾರೆ. ಆದರೂ ಕಾನೂನಿಗೆ ಹೆದರುವ ಜನ ನೋಡಿ, ಮೊದಲು ತಮ್ಮ ಕಚೇರಿಗೆ ಫೋನು ಮಾಡಿದೆವು.

"ಮುಟ್ಟಬೇಡಿ ಅಮ್ಮಾ, ಅದು ಸಂರಕ್ಷಿತ ಜಾಗ," ಎಂದ ಫೋನೆತ್ತಿದ ತಮ್ಮ ಸಿಬ್ಬಂದಿ. "ಬಾಯಿ ಮುಚ್ಚೋಕೆ ಪರಿಸರ ಇಲಾಖೆ ಸಹಿ ಬೇಕು. ಸಹಿ ಇಲ್ದೆ ಮುಚ್ಚಿದ್ರೆ ನಿಮ್ಮ ಸಂಘದ ಲೈಸೆನ್ಸೇ ಹೋಗುತ್ತೆ."

"ಸಹಿ ಯಾವಾಗ ಬರುತ್ತಪ್ಪಾ?" ಎಂದಳು ಆಸಿಮಿನಾ.

"ಇವತ್ತು ಭಾನುವಾರ ಅಲ್ವಾ."

"ಆ ಮಾತು ಎಣ್ಣೆಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ತಡೆಬೇಲಿ ಹೊರಟಿದೆ ಅಮ್ಮಾ. ಸುಮ್ನೆ ಕಾಯಿರಿ."

ಕಾದೆವು. ತಡೆಬೇಲಿ ನಿಜಕ್ಕೂ ಹೊರಟಿತ್ತು. ಆದರೆ ಅದನ್ನು ಕಟ್ಟುವ ಕಬ್ಬಿಣದ ಬಳೆಗಳಿರುವುದು ಬಂದರಿನ ಗೋಡೆಯಲ್ಲಿ ಮಾತ್ರ, ಕಿತ್ತಳೆ ಹಿಡಿಯುವ ಜಾಗದಲ್ಲಿ. ಹಾಗಾಗಿ ತಮ್ಮವರು ಬೇಲಿಯನ್ನು ಅಲ್ಲೇ, ಶ್ರೀಮಂತರ ವಿಹಾರದೋಣಿಗಳ ಮುಂದೆ, ಅಭ್ಯಾಸವಾದಂತೆ ಅಚ್ಚುಕಟ್ಟಾಗಿ ಕಟ್ಟಿದರು. ಎಣ್ಣೆ ಅತ್ತ ತಲೆಯೇ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಅದು ನಮ್ಮ ಕಣ್ಣೆದುರೇ, ಮರಳು ಚೀಲದ ರಾಶಿಯ ಪಕ್ಕದಲ್ಲೇ, ಅವಸರವಿಲ್ಲದೆ ಒಳಗೆ ಹೋಯಿತು. ತಾವು ನಂತರ ಬರೆದ ವರದಿಯಲ್ಲಿ "ತಡೆಬೇಲಿಯನ್ನು ಒಂದು ಹನಿಯೂ ದಾಟಲಿಲ್ಲ" ಎಂದಿದೆ. ಇದರಲ್ಲಿ ಸುಳ್ಳೊಂದೂ ಇಲ್ಲ. ನಮ್ಮ ಅಡುಗೆಮನೆಯ ಜರಡಿಯನ್ನೂ ಒಂದು ಹನಿ ದಾಟಲಿಲ್ಲ, ಮಾನ್ಯರೇ. ಅದು ಮೊಳೆಯಲ್ಲಿ ನೇತಾಡುತ್ತಿತ್ತು.

ನಾಲ್ಕು ದಿನ ಕಳೆದು ತಾವು ಖುದ್ದಾಗಿ ಬಂದಿರಿ. ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ನಿಂತು ಬಕೆಟ್ಟಿಗೆ ಎಣ್ಣೆ ಮೊಗೆಯುತ್ತಿದ್ದರು. ಕರವಸ್ತ್ರ ಮೂಗಿಗೆ ಹಿಡಿದು ತಾವು ಕೇಳಿದ ಪ್ರಶ್ನೆ ನನಗೆ ನೆನಪಿದೆ: "ಇಲ್ಲಿ ಯಾವಾಗ್ಲೂ ಹೀಗೇ ವಾಸನೆಯಾ?"

"ಇಲ್ಲ ಸಾರ್," ಎಂದಳು ಆಸಿಮಿನಾ, ಬಕೆಟ್ಟಿನಿಂದ ತಲೆಯೆತ್ತದೆ. "ನೀವು ಬರ್ತೀರಾ ಅಂತ ತರ್ಸಿದ್ವಿ."

ತಾವು ಅದನ್ನು ಸ್ವಾಗತವೆಂದು ತಿಳಿದಿರಬೇಕು, ತಲೆದೂಗಿದಿರಿ.

ಬಾಯಿ ಮುಚ್ಚಿದ್ದರೆ ಒಳಗಿನ ಮೀನು ಉಸಿರುಕಟ್ಟಿ ಸಾಯುತ್ತಿತ್ತು ಎಂಬುದು ತಮ್ಮ ಇಲಾಖೆಯ ವಾದ. ವಾರಗಟ್ಟಲೆ ಮುಚ್ಚಿಟ್ಟರೆ ಹೌದು. ಆದರೆ ಗಾಳಿ ಎರಡು ದಿನಕ್ಕೆ ತಿರುಗಿತು. ಎರಡು ದಿನ ಮುಚ್ಚಿ ಮೂರನೆಯ ದಿನ ತೆರೆಯುವುದಕ್ಕೆ ಏನು ಅಡ್ಡಿಯಿತ್ತು? ಉಸಿರುಕಟ್ಟೀತೆಂದು ತಾವು ಅಷ್ಟು ಮರುಗಿದ ಮೀನು ಎಣ್ಣೆಯಲ್ಲಿ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲಿದಾಗ ಆ ಮರುಕ ಯಾವ ಕಡತದಲ್ಲಿತ್ತು? ಹಿನ್ನೀರಿನಲ್ಲಿ ಬಲೆ ಹಾಕುವುದಕ್ಕೆ ಈಗಲೂ ನಿಷೇಧವಿದೆ. ಲಾಂಬ್ರೋಸ್ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದಾರೆ. ತಾವು ಕಾಪಾಡಿದ ದೋಣಿಗಳಿಗೇ.

ಇದನ್ನು ಈಗ ಬರೆಯಲು ಕಾರಣವಿದೆ. ಈ ವಸಂತದಲ್ಲಿ ಮರಿಮೀನು ಮತ್ತೆ ಅಳಿವೆ ದಾಟಿ ಒಳಗೆ ಬಂದಿವೆ. ಬಹಳವಿಲ್ಲ, ಆದರೆ ಬಂದಿವೆ. ಅವು ಬೆಳೆದರೆ ಹಿನ್ನೀರು ಉಳಿಯುತ್ತದೆ. ಇನ್ನೊಮ್ಮೆ ಎಣ್ಣೆ ಹೊಕ್ಕರೆ ಅವೂ ಇಲ್ಲ, ನಾವೂ ಇಲ್ಲಿರುವುದಿಲ್ಲ. ಇತ್ತ ಭೂಶಿರದ ಆಚೆ, ತಮ್ಮದೇ ಒಪ್ಪಿಗೆಯಿಂದ, ಟ್ಯಾಂಕರುಗಳು ಅಕ್ಕಪಕ್ಕ ಲಂಗರು ಹಾಕಿ ಹಡಗಿನಿಂದ ಹಡಗಿಗೆ ಎಣ್ಣೆ ಸಾಗಿಸುತ್ತಿವೆ. ಅದಕ್ಕೆ ಸಹಿ ಬೇಗನೆ ಸಿಕ್ಕಿದೆ. ಬಹುಶಃ ಅವರು ಭಾನುವಾರ ಕೇಳಿರಲಿಕ್ಕಿಲ್ಲ.

ನಮ್ಮ ಬೇಡಿಕೆ ಇಷ್ಟೇ. ಅಳಿವೆಯ ಎರಡೂ ದಡದಲ್ಲಿ ಬೇಲಿ ಕಟ್ಟುವ ಕಬ್ಬಿಣದ ಬಳೆ ಹಾಕಿಸಿ. ಒಂದು ತಡೆಬೇಲಿಯನ್ನು ಸಂಘದ ಉಗ್ರಾಣದಲ್ಲಿಡಿ. ಎಣ್ಣೆ ಕಂಡ ಕೂಡಲೇ ಬಾಯಿ ಮುಚ್ಚುವ ಹಕ್ಕು ಸಂಘಕ್ಕಿದೆಯೆಂದು ಲಿಖಿತವಾಗಿ ಕೊಡಿ. ಮೀನು ಕಡಲಿಗೆ ತಿರುಗುವ ಮೊದಲು ಕೊಡಿ. ಕೊಡದಿದ್ದರೂ ಮುಚ್ಚುತ್ತೇವೆ. ಮೊನ್ನೆ ಸಂಘದ ಸಭೆಯಲ್ಲಿ ಎಲ್ಲ ಮನೆಯವರೂ ಕೈಯೆತ್ತಿ ಇದನ್ನು ಒಪ್ಪಿದ್ದಾರೆ. ಲೈಸೆನ್ಸು ರದ್ದುಮಾಡಲು ಬರುವುದಾದರೆ ಬನ್ನಿ. ಮರಳಿನ ಚೀಲಗಳ ಮೇಲೆ ಕೂತಿರುತ್ತೇವೆ. ತಮಗೆ ಫೋನು ಖಂಡಿತ ಮಾಡುತ್ತೇವೆ, ಬಾಯಿ ಮುಚ್ಚಿಯಾದ ಮೇಲೆ.

ಇಂತಿ,
ಒಮ್ಮೆ ತಮ್ಮ ಮಾತು ನಂಬಿ ಕಾದವರ ಪೈಕಿ,
ಯುಫ್ರೋಸಿನಿ ದ್ರಾಕು
ಹಿನ್ನೀರು ಮೀನುಗಾರರ ಸಹಕಾರ ಸಂಘ (ಸದ್ಯಕ್ಕೆ ಮೀನಿಲ್ಲ)