ಒಂದು ಕಾಜಾದ ಬೆಲೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಸ್ವಲ್ಪ ನೆಗಡಿ ಇದೆ, ಅದಕ್ಕೆ ನೀನು ಚಿಂತೆ ಮಾಡಬೇಡ, ಚಿಂತೆ ಮಾಡುವುದಕ್ಕೆ ನಾನೊಬ್ಬನೇ ಸಾಕು. ನಿನ್ನ ಪತ್ರ ಬಂದು ಎರಡು ತಿಂಗಳಾದರೂ ಉತ್ತರ ಬರೆಯದೆ ಇದ್ದದ್ದು ತಪ್ಪು. "ಕಣ್ಣು ಪೂರ್ತಿ ಮಂಜಾಗೋ ಮೊದ್ಲು ಒಂದ್ಸಲ ಬಂದು ಮುಖ ತೋರ್ಸಿ ಹೋಗೋ" ಎಂದಿದ್ದೀಯ. ದಿನಾ ಪೆನ್ನು ತೆಗೆಯುತ್ತೇನೆ, ಟಿಕೆಟ್ಟಿನ ಬೆಲೆ ನೆನಪಾಗುತ್ತದೆ, ಮುಚ್ಚಿಡುತ್ತೇನೆ.

ಇಲ್ಲಿ ಎಲ್ಲದಕ್ಕೂ ಬೆಂಕಿ ಬೆಲೆ ಅಕ್ಕ. ಇಲ್ಲಿಯ ಒಂದಕ್ಕೆ ನಮ್ಮ ಇಪ್ಪತ್ತಮೂರು ರೂಪಾಯಿ. ಹನ್ನೆರಡರ ಮಗ್ಗಿಗೇ ಶಾಲೆ ಬಿಟ್ಟವನಿಗೆ ಈ ದೇಶ ದಿನಾ ಇಪ್ಪತ್ತಮೂರರ ಮಗ್ಗಿ ಒಪ್ಪಿಸು ಅನ್ನುತ್ತದೆ. ಟೊಮೆಟೊ ಹಿಡಿದು ಬೆರಳು ಮಡಚುತ್ತಾ ನಿಂತರೆ, ನನ್ನ ಕೋಣೆಯಲ್ಲೇ ಇರುವ ವೆಲ್ಡರ್ ಅಣ್ಣ, "ಏನಯ್ಯಾ, ಕೊಳ್ತೀಯೋ, ಇಲ್ಲಾ ಅದು ಕೊಳೀಲಿ ಅಂತ ಕಾಯ್ತಿದೀಯೋ? ಗುಣಿಸ್ತಾ ಕೂತ್ರೆ ಇಲ್ಲಿ ಉಪವಾಸವೇ. ದುಡಿಯೋದೂ ಇಲ್ಲಿಯ ದುಡ್ಡೇ ಅಲ್ವೇನೋ?" ಅನ್ನುತ್ತಾನೆ. ಸರಿಯೇ. ಆದರೂ ಮೊನ್ನೆ ಕ್ಷೌರದಂಗಡಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಆ ದುಡ್ಡಿಗೆ ನಿನಗೆ ಅಲ್ಲಿ ಅರ್ಧ ತಿಂಗಳ ಹಾಲು ಬರುತ್ತದೆ. ಕೊನೆಗೆ ವೆಲ್ಡರ್ ಅಣ್ಣನೇ ಕತ್ತರಿ ಹಿಡಿದ. ನೀನು ನೋಡಬೇಕೆಂದ ಮುಖದ ಮೇಲೆ ಈಗ ಇಲಿ ಕಡಿದಂಥ ಕೂದಲಿದೆ.

ಒಂದು ವಿಷಯ ಕೇಳು. ನಾನಿರುವ ಹೊಲಿಗೆ ಅಂಗಡಿಗೆ ವಯಸ್ಸಾದವರೊಬ್ಬರು ಕೋಟು ತಂದರು. ಗುಂಡಿ ತೂರಿಸುವ ಒಂದು ಕಾಜಾ ಕಿತ್ತುಹೋಗಿತ್ತು. ಮಿಷನ್ನಿನದು ಬೇಡ, ಕೈಯದೇ ಬೇಕು ಎಂದರು. ನೀನು ಕಲಿಸಿದ ಹಾಗೆಯೇ ಗಂಟಿನ ಪಕ್ಕ ಗಂಟು ಕೂರಿಸಿ ಹೊಲಿದೆ. ಯಜಮಾನಿ ಅದಕ್ಕೆ ಹಾಕಿದ ಬೆಲೆಯನ್ನು ಗುಣಿಸಿ ನೋಡಿದೆ. ಅಷ್ಟು ದುಡ್ಡಿಗೆ ಆಗ ನೀನು ಇನ್ನೂರು ಕಾಜಾ ಹಾಕಬೇಕಿತ್ತು. ಬಿಸಿಲು ಸರಿದ ಹಾಗೆ ನೀನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಮೆಟ್ಟಿಲಿಗೆ ಸರಿಯುತ್ತಾ ಹೊಲಿಯುತ್ತಿದ್ದೆ. ನಾನು ಪಕ್ಕದಲ್ಲಿ ಗುಂಡಿಡಬ್ಬಿ ಹಿಡಿದು ಕೂತು ಗುಂಡಿ ಆರಿಸುತ್ತಿದ್ದೆ. "ಬೆಳಕು ಬಿಟ್ಟಿ ಕಣೋ, ಅದೊಂದಕ್ಕೆ ಯಾರೂ ದುಡ್ಡು ಕೇಳಲ್ಲ" ಅನ್ನುತ್ತಿದ್ದೆ ನೀನು. ಕೋಟು ಮಡಚಿ ಕೊಡುವ ಮೊದಲು ಆ ಕಾಜಾವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದೆ.

ಪುಟ್ಟಿಗೆ ಮಾವನ ಆಶೀರ್ವಾದ, ಚೆನ್ನಾಗಿ ಓದಲಿ, ಮಗ್ಗಿ ಪೂರ್ತಿ ಕಲಿಯಲಿ. ನೀನು ಕಣ್ಣಿಗೆ ಔಷಧಿ ಬಿಡುವುದನ್ನು ತಪ್ಪಿಸಬೇಡ. ಮೆಟ್ಟಿಲ ಹತ್ತಿರ ಹುಷಾರು.

ಇಂತಿ ನಿನ್ನ
ಗುಂಡಿಡಬ್ಬಿ

ಮತ್ತೆ ಇನ್ನೊಂದು ಮಾತು: ಅಕ್ಕ, ಟಿಕೆಟ್ಟಿನ ದುಡ್ಡು ನಿನ್ನ ಪತ್ರ ಬರುವ ಮೊದಲೇ ಕೂಡಿತ್ತು. ಬೆಲೆ ಬರೀ ನೆಪ. ಲಕೋಟೆಯ ಮೇಲಿದ್ದದ್ದು ಪುಟ್ಟಿಯ ಅಕ್ಷರ, ಒಳಗಿನದೂ ಅವಳದೇ. ಅಂದರೆ ಇದನ್ನೂ ಅವಳೇ ಓದಿ ಹೇಳುತ್ತಿದ್ದಾಳೆ. ನಾನು ಬಂದು ಎದುರಿಗೆ ನಿಂತಾಗ ನೀನು "ಯಾರು?" ಅಂದುಬಿಟ್ಟರೆ ಎಂಬ ಹೆದರಿಕೆಗೆ ಇಷ್ಟು ದಿನ ಮಗ್ಗಿ ಹೇಳುತ್ತಾ ಕೂತೆ. ನಿನ್ನೆ ಟಿಕೆಟ್ ತೆಗೆಸಿದೆ, ಗುಣಿಸಲಿಲ್ಲ. ಬರುವ ತಿಂಗಳು ಹನ್ನೊಂದಕ್ಕೆ, ಬಿಸಿಲಿರುವಾಗಲೇ ಬರುತ್ತೇನೆ. ಮೆಟ್ಟಿಲ ಮೇಲೆ ಕೂತಿರು. ಯಾರು ಅಂತ ಕೇಳಿದರೂ ಪರವಾಗಿಲ್ಲ, ಹೇಳುತ್ತೇನೆ.