ಬಂಗಲೆ ಕಾಯಾಕ ಬಂದ ಧಾರವಾಡದ ಹುಡುಗಿ

ಅಕ್ಕಾ,
ತಾನು ಲಂಡನ್ನಿಗೆ ಹೋದಾಗ ಬಂಗಲೆ ನೀನೇ ಕಾಯಿ, ಮಕ್ಕಳನ್ನೂ ಕರಕೊಂಡು ಬಂದು ಇಲ್ಲೇ ಇರು ಅಂದಿದ್ದಳು ನಮ್ಮ ಮೇಡಮ್. ಬೀಗದ ಕೈ ಕೊಡಲಿಲ್ಲ. ಮನಿ ಕಾಯೋರು ಸಿಗೋ ಫೋನಿನ ಆ್ಯಪಿನ್ಯಾಗ ಹುಡುಕಿ ಧಾರವಾಡದ ಧನಶ್ರೀ ಅನ್ನೋ ಹುಡುಗಿನ್ನ ತಂದು ಇಟ್ಟಾಳ. ನಾಯಿ ನೋಡಿಕೊಂಡರ ಆಕಿಗೆ ಬಂಗಲೆ ಪುಕ್ಕಟೆ! ಆಕಿ ಎಸಿಯೊಳಗ ಕುಂತು ಲ್ಯಾಪ್‌ಟಾಪ್ ಒತ್ತತಾಳ, ನಾನು ಆಕಿ ಕಾಲಬುಡಕ ಕಸ ಹೊಡೀತೀನಿ. ಹೊಟ್ಟಿ ಉರೀತೈತಿ, ಮುಚ್ಚಿಡೂದಿಲ್ಲ. ಸಡಾ ಓಣಿಯ ನಮ್ಮ ಖೋಲಿಯೊಳಗ ಬಂದರದ ಧೂಳಿಗೆ ಸಣ್ಣವನ ಕೆಮ್ಮು ನಿಂತಿಲ್ಲ, ಇಲ್ಲಿ ನಾಯಿಗೇ ಬ್ಯಾರೆ ಫ್ಯಾನು.

"ಆ ಆ್ಯಪಿನ್ಯಾಗ ನನ್ನ ಹೆಸರೂ ಹಾಕವಾ" ಅಂತ ಧನಶ್ರೀಗೆ ಅಂದೆ. ಪಾಪ, ಹಾಕಿದಳು. "ಮಾವಶಿ, ದುಡಿದ ಮನಿಯವರು ನಿಮ್ಮ ಬಗ್ಗೆ ಚಲೋ ಮಾತು ಬರದು ಕೊಡಬೇಕ್ರಿ" ಅಂದಳು. ಮೇಡಮ್‌ಗೆ ಫೋನ್ ಮಾಡಿದೆ. "ನೀನು ಮನಿಯವಳೇ ಅಲ್ಲೇನ ಹುಲಿಗೆವ್ವ? ನಿನಗ್ಯಾಕ ಅದೆಲ್ಲಾ?" ಅಂತ ನಕ್ಕಳು.

ಮನಿಯವಳಿಗೆ ಬೀಗದ ಕೈ ಯಾಕಿಲ್ಲ ಅಂತ ಕೇಳೂದರಾಗ ಫೋನ್ ಇಟ್ಟಳು.

ಇದನ್ನ ಕೇಳಿ ಇಲ್ಲಿ ಬಂಗಲೆ ಕೆಲಸದ ಹೆಂಗಸರೆಲ್ಲಾ ಒಂದಾಗೀವಿ. ನಾವು ಹೆಂಗ ದುಡಿದೀವಿ ಅಂತ ಮನಿಯವರು ಬರದು ಕೊಡೂ ತನಕ ಯಾರೂ ಕಸಬರಿಗಿ ಹಿಡಿಯೂದಿಲ್ಲ. ಊರಾಗ ಸಂಘ ಕಟ್ಟಿದಾಕಿ ನೀನು, ಬಂದು ನಾಲ್ಕು ಮಾತಾಡು. ನನ್ನ ಸೊಂಟ ಈಗ ಆರಾಮೈತಿ, ಅವ್ವಗ ಹೇಳು. ಕಾರ್ಡಿನ್ಯಾಗ ಜಾಗ ಮುಗೀತು.

ನಿನ್ನ ತಂಗಿ ಹುಲಿಗೆವ್ವ

ಸಭಾ ಸಡಾದಾಗ, ನಮ್ಮ ಖೋಲಿ ಮುಂದ: ಹದಿನೆಂಟನೇ ತಾರೀಖು, ಐತವಾರ, ಸಂಜಿ ಐದಕ್ಕ.