ಒಳಕೋಣೆಯ ನಾಲ್ಕು ಗುಳಿ

ಅಕ್ಕಾ,

ಎಡಮೊಲೆ ತೆಗೆಸಿ ಎರಡು ತಿಂಗಳಾಯ್ತು, ಹೊಲಿಗೆ ಮತ್ತೆ ಬಿಟ್ಕೊಂಡಿದೆ. ಹಿಂದೆ ರೇಡಿಯೇಷನ್ ಕೊಟ್ಟ ಚರ್ಮ ಬೇಗ ಕೂಡಲ್ಲವಂತೆ. ನರ್ಸಮ್ಮ ಹಾಗಂದಾಗ ನಕ್ಕುಬಿಟ್ಟೆ. ಇಸ್ತ್ರಿಯಲ್ಲಿ ಸೀದ ಬಟ್ಟೆಗೆ ಹೊಲಿಗೆ ನಿಲ್ಲಲ್ಲ ಅಂತ ದರ್ಜಿಗೆ ಹೇಳಿಕೊಡಬೇಕೇ?

ನೀನಿದ್ದಾಗ ನಿನ್ನ ಗಾಯವೂ ಹೀಗೇ ಮಾಯಲಿಲ್ಲ. ವಾಸನೆಗೆ ಗಿರಾಕಿಗಳು ಮುಖ ಸಿಂಡರಿಸ್ತಾರೆ ಅಂತ ನಿನ್ನ ಮೆಷಿನ್ನನ್ನ ಅಂಗಡಿಯಿಂದ ಒಳಕೋಣೆಗೆ ಹಾಕಿಸಿದವಳು ನಾನು.

"ಅಲ್ಲಿ ತಂಪಾಗಿರುತ್ತೆ ಕಣಕ್ಕಾ."

"ಹೌದು, ತಂಪಾಗಿರುತ್ತೆ" ಅಂತ ನೀನು ಕತ್ತರಿ ಎತ್ಕೊಂಡು ಎದ್ದೆ.

ಇವತ್ತು ಅಳತೆ ಕೊಡೋಕೆ ಬಂದ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳು ಹೋದಮೇಲೆ ನನ್ನ ಮೆಷಿನ್ನನ್ನ ನಾನೇ, ಒಂದೇ ಕೈಲಿ ಒಳಗೆ ಎಳೆದೆ. ನಿನ್ನ ಮೆಷಿನ್ನಿನ ಕಾಲು ಊರಿದ ನಾಲ್ಕು ಗುಳಿ ನೆಲದಲ್ಲಿ ಇನ್ನೂ ಇವೆ. ನನ್ನದು ಅವುಗಳಲ್ಲಿ ಅಲುಗಾಡದೆ ಕೂತುಬಿಡ್ತು.

ಅಕ್ಕಾ, ಇಲ್ಲಿ ತಂಪೇನೂ ಇಲ್ಲ.